ಹನ್ನೊಂದು ಮಾರು

ರೂಬೆನ್ ಹುಟ್ಟಿದ್ದು ಆಗಸ್ಟ್ ಮೂವತ್ತೊಂದರ ರಾತ್ರಿ
ಹನ್ನೊಂದು ನಲವತ್ತಕ್ಕೆ.
ಇನ್ನೊಂದೇ ಸಲ ಮುಕ್ಕು, ಇನ್ನೊಂದೇ ಸಲ,
ಎಂದಳು ಸೂಲಗಿತ್ತಿ. ಮುಕ್ಕಿದೆ.
ಯಾರಾದರೂ ಹೇಳಬಾರದಿತ್ತೇ:
ತಡಿ ಜೆನೀನ್, ಇಪ್ಪತ್ತು ನಿಮಿಷ ಹಲ್ಲು ಕಚ್ಚು,
ಮುಳ್ಳು ಹನ್ನೆರಡು ದಾಟಲಿ,
ಇನ್ನೊಂದು ವರುಷ ಮಗ ನಿನ್ನ ಮಗ್ಗುಲಲ್ಲಿರುತ್ತಾನೆ.

ಈಗ ನಾಲ್ಕು ತುಂಬಿದ ಮರುದಿನವೇ
ಅವನಿಗೆ ಶಾಲೆಯ ವಯಸ್ಸಂತೆ.
ಅಂಗಿಯ ಗುಂಡಿ ಇನ್ನೂ ಒಂದು ಮನೆ ತಪ್ಪುತ್ತದೆ,
ಕಕ್ಕಸಿನಿಂದ ‘ಆಯ್ತೂ’ ಎಂದು ಕೂಗುತ್ತಾನೆ,
ಬೀದಿಯಿಡೀ ಕೇಳುವ ಹಾಗೆ.

ಜನವರಿ ಹದಿನೈದು, ಅರ್ಜಿಯ ಕಡೆಯ ರಾತ್ರಿ.
ಕಾರ್ಖಾನೆಯಲ್ಲಿ ಹಗಲೆಲ್ಲ ಮೀನು ಸೀಳಿದ,
ಎರಡು ಸಲ ನಿಂಬೆ ಉಜ್ಜಿದರೂ ನಾರುವ ಬೆರಳಲ್ಲಿ
ಮೂರು ಶಾಲೆಯ ಹೆಸರು ಕುಟ್ಟಿದೆ.
ಮೊದಲನೆಯದು ನಮಗೆ ಬೇಕಾದದ್ದು.
ಎರಡನೆಯದು ಅತ್ತೆಗೆ ಬೇಕಾದದ್ದು, ಪಾದ್ರಿಯ ಸಹಿ ಕೇಳುವುದು.
ಅದಕ್ಕೆಂದೇ ಆರು ತಿಂಗಳು ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತು
ದೇವರಿಗಿಂತ ಹೆಚ್ಚಾಗಿ
ಹಾಜರಿ ಪುಸ್ತಕದ ಕಡೆಗೇ ನೋಡಿದೆವು.
ಮೂರನೆಯದು, ಖಾನೆ ಖಾಲಿ ಬಿಡಬಾರದಲ್ಲ.

ಅಳೆಯುವುದು ನೇರ ಗೆರೆಯಲ್ಲಂತೆ,
ನಮ್ಮ ಹೊಸಿಲಿಂದ ಶಾಲೆಯ ಗೇಟಿಗೆ.
ಆ ಗೆರೆ ಮಿಸೆಸ್ ಪ್ಲಾಟ್ ಸಾಕಿದ ಪಾರಿವಾಳದ ಗೂಡು ಹಾಯುತ್ತದೆ,
ರೈಲುಹಳಿ, ಟೈರಿನಂಗಡಿಯ ತಗಡು,
ಯಾರದೋ ಅಡುಗೆಮನೆಯಲ್ಲಿ
ಹುರುಳಿಕಾಯಿ ತಿನ್ನದೆ ಹಟ ಹಿಡಿದ ಮಗುವಿನ ನೆತ್ತಿ ಹಾಯುತ್ತದೆ.
ಯಾವ ಮಗುವೂ ನಡೆಯಲಾರದ ದಾರಿ.
ಪಾರಿವಾಳಗಳಿಗಾದರೆ ಸೀಟು ಸಲೀಸು.

ಏಪ್ರಿಲ್ ಹದಿನಾರು.
ಕಡೆಯ ಸೀಟು ಸಿಕ್ಕಿದ ಮಗುವಿನ ಮನೆ ಆರುನೂರ ಹನ್ನೊಂದು ಮೀಟರು.
ನಾವು ಆರುನೂರ ಮೂವತ್ತು.

ಗ್ರಹಾಂ ಏನೂ ಅನ್ನಲಿಲ್ಲ. ಚಹಾ ಆರಲು ಬಿಟ್ಟು
ಹೊರಗೆ ಹೋಗಿ, ಬಾಗಿಲಿಗೆ ಬೆರಳು ತಾಗಿಸಿ,
ಎರಡೂ ತೋಳು ಚಾಚಿ ಗೋಡೆಗುಂಟ ಅಳೆಯತೊಡಗಿದ.
ಒಂದು ಮಾರು, ಎರಡು ಮಾರು,
ಕಸದ ತೊಟ್ಟಿ ಸರಿಸಿ ಮೂರು.
ಹಿಂದೆಯೇ ರೂಬೆನ್, ವಿಮಾನವಾಗಿ, ತನ್ನ ಗಿಡ್ಡ ತೋಳಲ್ಲಿ:
ಹನ್ನೊಂದು, ಹನ್ನೆರಡು, ಹದಿಮೂರು, ಹದಿನಾರು, ನೂರು!
ಅಪ್ಪನ ಹನ್ನೊಂದು ಮಾರು ಮುಗಿದದ್ದು
ಇಪ್ಪತ್ತೇಳನೇ ನಂಬರಿನ ನೀಲಿ ಬಾಗಿಲಲ್ಲಿ.
ಬಾಗಿಲು ತೆರೆದ ಹೆಂಗಸು
‘ಏನಾದರೂ ಕಳೆದಿದೆಯಾ?’ ಎಂದಳು.
‘ಹೌದು’ ಎಂದ ಗ್ರಹಾಂ. ಆಮೇಲೆ, ‘ಇಲ್ಲ, ಬಿಡಿ.’

ಸೆಪ್ಟೆಂಬರಿನಲ್ಲಿ ಮೂರನೆಯ ಶಾಲೆ,
ರೈಲು ಸೇತುವೆಯಾಚೆ.
ತೋಳು ಮೂರು ಸಲ ಮಡಚಿದ ಸ್ವೆಟರು.
ಸಾಲಿನಲ್ಲಿ ಅವನೇ ಎಲ್ಲರಿಗಿಂತ ಕುಳ್ಳ;
ಒಳಗೆ ಹೋದವನು ತಿರುಗಿ ನೋಡಲಿಲ್ಲ.
ನಾನು ನೋಡುತ್ತ ನಿಂತೆ,
ಕೈಗೂಸು ನನ್ನ ಮನೆ ಕೀಲಿ ಚೀಪುತ್ತಿತ್ತು.

ಅಕ್ಟೋಬರಿನ ಒಂದು ಮಧ್ಯಾಹ್ನ ಫೋನು ಬಂತು.
ಮೊದಲನೆಯ ಶಾಲೆಯಲ್ಲಿ ಯಾರೋ ಊರು ಬಿಟ್ಟಿದ್ದಾರೆ,
ಒಂದು ಸೀಟು, ನಾಳೆ ನಾಲ್ಕರೊಳಗೆ ಹೇಳಿ.
ಆ ರಾತ್ರಿ ಸ್ನಾನದ ತೊಟ್ಟಿಯಲ್ಲಿ
ಅವನ ತಲೆಯ ನೊರೆ ತೊಳೆಯುತ್ತ ಕೇಳಿದೆ:
ಆ ದೊಡ್ಡ ಶಾಲೆಗೆ ಹೋಗ್ತೀಯಾ, ಮರ ಹತ್ತೋಕೆ ಬಿಡೋ ಶಾಲೆಗೆ?
ಬಹಳ ಹೊತ್ತು ಯೋಚಿಸಿದ.
‘ನನ್ನ ಕೊಕ್ಕೆ ತಗೊಂಡು ಹೋಗಬಹುದಾ?’

ಕೋಟು ನೇತುಹಾಕುವ ಕೊಕ್ಕೆ.
ಅದರ ಮೇಲೆ ಮುಳ್ಳುಹಂದಿಯ ಚಿತ್ರ,
ಕೆಳಗೆ ಅವನ ಹೆಸರು.
ಪಕ್ಕದ್ದು ಕಪ್ಪೆ, ಅದು ಓತಿಸ್‌ನದು.
ಓತಿಸ್ ಮೂಗಿನಲ್ಲಿ ಬಟಾಣಿ ಇಟ್ಟುಕೊಳ್ಳಬಲ್ಲ.

ಮರುದಿನ ಮೂರೂವರೆಗೆ, ಮಂಜುಗಡ್ಡೆಯ ಪೆಟ್ಟಿಗೆಗಳ ನಡುವೆ,
ಬೇಡ ಎಂದೆ.
ಯಾಕೆಂದು ಆಕೆ ಕೇಳಲಿಲ್ಲ.
ಕೇಳಿದ್ದರೆ ಮುಳ್ಳುಹಂದಿ ಎನ್ನಲೇ?

ಗ್ರಹಾಂಗೆ ಇನ್ನೂ ಹೇಳಿಲ್ಲ.
ಆಲೂಗಡ್ಡೆ ಕರಿಯುತ್ತಿದ್ದಾನೆ.
ಕೂಸು ಮಲಗಲಿ.