ಬಂಗು

ಪಾಂಡವಪುರದ ಬಸ್‌ಸ್ಟ್ಯಾಂಡಿನ ಎದುರು
ನಮ್ಮ ಮೆಡಿಕಲ್ಲಿನ ಗಾಜಿಗೆ ಮೊಣಕೈಯೂರಿ
ಹೆಂಗಸರು ದನಿ ತಗ್ಗಿಸುವುದು ಮೂರೇ ಕಾರಣಕ್ಕೆ.
ಮೂರನೆಯದು ಮುಖ.

ಕೇಳುವ ರೀತಿಯೂ ಒಂದೇ:
ಅಕ್ಕಪಕ್ಕ ನೋಡಿ, ಸೆರಗಿನ ತುದಿಯಿಂದ
ಕೆನ್ನೆ ಒಮ್ಮೆ ಒರೆಸಿ,
ಒರೆಸಿದರೆ ಹೋಗುವಂಥದ್ದು ಎಂಬಂತೆ,
"ಇದಕ್ಕೆ ಏನಾರಾ ಐತಾ?"

ಐತೆ. ಮೂರನೇ ಗೂಡಿನಲ್ಲಿ,
ಕೆಮ್ಮಿನ ಸಿರಪ್ಪಿಗೂ ಬಾಣಂತಿ ಲೇಹ್ಯಕ್ಕೂ ನಡುವೆ
ಬೆರಳುದ್ದದ ಟ್ಯೂಬು. ಎಪ್ಪತ್ತೆರಡು ರೂಪಾಯಿ.
ಚೀಟಿಯಿಲ್ಲದೆ ಕೊಡಬಾರದೆಂದು
ಪೆಟ್ಟಿಗೆಯ ಮೇಲೆ ಕೆಂಪು ಗೆರೆಯಿದೆ.
ಚೀಟಿ ಕೇಳಿದರೆ ಎದುರಂಗಡಿಗೆ ಹೋಗ್ತಾರೆಂದು
ಸಾಹುಕಾರರು ಎಳೆದ ಗೆರೆ ಇನ್ನೊಂದು.

ನಿಂಗಾಜಮ್ಮ ಬಂದದ್ದು ಕಬ್ಬು ಅರೆಯುವ ಕಾಲ.
ಚಿನಕುರಳಿ ಕಡೆಯ ಆಲೆಮನೆಯಲ್ಲಿ
ಒಲೆಯ ಬಾಯಿಗೆ ರಚ್ಚು ತುಂಬುವವಳು.
ಎರಡೂ ಕೆನ್ನೆ, ಮೂಗಿನ ದಿಂಡು, ಮೇಲ್ದುಟಿಯ ಮೇಲೆ
ನಾಲೆ ಬಿಟ್ಟ ದಿನ ಬದು ದಾಟಿ
ಜಿನುಗಿ ಹಬ್ಬುವ ತೇವದ ಬಣ್ಣ.
ಎರಡನೇ ಬಸುರಿನಲ್ಲಿ ಬಂದದ್ದಂತೆ,
ಮಗು ಹೈಸ್ಕೂಲಿಗೆ ಹೋಯಿತು, ಇದು ಹೋಗಲಿಲ್ಲ.
ಜಾಜಿಕಾಯಿ ತೇಯ್ದದ್ದಾಯಿತು, ಲೋಳೆಸರವಾಯಿತು,
ನಿಂಬೆಹಣ್ಣು ತಿಕ್ಕಿ ಉರಿ ತಾಳದೆ
ಎರಡು ದಿನ ಕೂಲಿ ತಪ್ಪಿಸಿಕೊಂಡದ್ದೂ ಆಯಿತು.

"ಬಿಸಿಲಿಗೆ ಛತ್ರಿ ಹಿಡೀರಿ" ಅಂದೆ, ಕಲಿತ ಪಾಠ.
"ಬಿಸ್ಲಿಗೆ ಹಿಡೀಬೋದು ಕಣವ್ವ,
ಒಲೆ ಬಾಯ್ಗೆ ಯಾವ ಛತ್ರಿ ಹಿಡೀಲಿ?"
ಸನ್‌ಸ್ಕ್ರೀನ್ ತೋರಿಸಿದೆ. ಬೆಲೆ ಓದಿಸಿಕೊಂಡು
ಮಲಗಿದ ಮಗುವನ್ನು ಕೆಳಗಿಡುವಷ್ಟು ಮೆತ್ತಗೆ
ಗಾಜಿನ ಮೇಲಿಟ್ಟಳು ವಾಪಸು.

ಆಮೇಲೆ ಅಂದಳು:
"ಕೊಪ್ಪರಿಗೆಗೆ ಬಿಳೀ ಪುಡಿ ಹಾಕ್ತೀವಲ್ಲ,
ಕರ್ರಗೆ ಕುದೀತಿರೋ ಪಾಕ
ಗಳಿಗೇಲಿ ಹೊನ್ನಿನಂಗಾಯ್ತದೆ.
ಮಂಡೀಲಿ ಬಣ್ಣ ನೋಡೇ ರೇಟು.
ಮೊಕಕ್ಕೂ ಅಂತದ್ದು ಮಾಡಿಲ್ವಾ ನಿಮ್ಮೋರು?"

ಮಾಡಿದ್ದಾರೆ. ಕೊಟ್ಟೆ.
ಮುಚ್ಚಳದ ಮೊನೆಯಿಂದ ಟ್ಯೂಬಿನ ಬಾಯಿ
ಚುಚ್ಚುವುದು ಹೇಗೆಂದು ತೋರಿಸಿದೆ.
"ರಾತ್ರಿ ಮಾತ್ರ, ಕಡಲೆಯಷ್ಟು."
ಎಷ್ಟು ದಿನ ಅಂತ ಅವಳು ಕೇಳಲಿಲ್ಲ.
ಎಷ್ಟು ದಿನ ಅಂತ ನಾನು ಹೇಳಲಿಲ್ಲ.
ಈ ಎರಡು ಸಾಲು ಬರೆಯಲು ನನಗೆ
ಒಂದು ವರ್ಷ ಹಿಡಿಯಿತು.

ಮೂರು ವಾರಕ್ಕೆ ಮುಖ ತಿಳಿಯಾಗಿ ಬಂದಳು,
ನಾದಿನಿಯನ್ನೂ ಕರೆತಂದಳು.
ಸಾಹುಕಾರರು ಕೂರಲು ಸ್ಟೂಲು ಹಾಕಿಸಿದರು.

ಐದನೇ ಟ್ಯೂಬು ಮುಗಿದಾಗ
ಸೆರಗಿನೊಳಗಿಂದಲೇ ಮಾತು.
ಗಾಳಿ ತಾಗಿದರೂ ಉರಿ,
ಕೆನ್ನೆ ತುಂಬ ಕೆಂಪು ಎಳೆ, ಗಲ್ಲದಂಚಿಗೆ ಕೂದಲು.
ಹಚ್ಚಿದರೆ ಬೆಂಕಿ, ಬಿಟ್ಟರೆ ಬಂಗು
ಮೊದಲಿಗಿಂತ ಕಪ್ಪಗೆ.
ಬೈಯುತ್ತಾಳೆ ಅಂದುಕೊಂಡೆ, ಬೈಯಲಿ ಅಂದುಕೊಂಡೆ.
"ಇನ್ನೊಂದು ಕೊಡವ್ವ" ಅಂದಳು,
"ಸ್ವಲ್ಪ ಪವರ್ ಜಾಸ್ತೀದು."

ಇಲ್ಲ ಅಂದೆ.
ಹಳೇ ಬಿಲ್ಲಿನ ಹಿಂದೆ
ಮಂಡ್ಯದ ದೊಡ್ಡಾಸ್ಪತ್ರೆ, ಚರ್ಮದ ವಿಭಾಗ,
ಹತ್ತು ಗಂಟೆಯೊಳಗೆ ಹೋಗಿ ಅಂತ ಬರೆದೆ.
ಕೈ ನಡುಗಿತು, ಅಕ್ಷರ ಡಾಕ್ಟರದ್ದರಂತೆ ಆಯಿತು.
ಆಮೇಲೆ ಕರ್ಚೀಫು ಒದ್ದೆ ಮಾಡಿ
ನನ್ನ ಪೌಡರು ಒರೆಸಿದೆ: ಎಡಗೆನ್ನೆ ಪೂರಾ,
ಹಣೆಯ ಒಂದು ಮೂಲೆ. ಹದಿನಾರು ವರ್ಷದ್ದು.
ಸೆರಗು ಸರಿಸಿ ನೋಡಿದಳು.
"ಅಯ್, ಅಂಗ್ಡೀಲೇ ಇದ್ಕೊಂಡಾ!"
ನಕ್ಕದ್ದಕ್ಕೆ ಕೆನ್ನೆ ಉರಿದು ತಟ್ಟನೆ ನಿಲ್ಲಿಸಿದಳು.

ಆಸ್ಪತ್ರೆಗೆ ಹೋಗುತ್ತಿದ್ದಾಳೆ. ಕೆಂಪು ಇಳಿದಿದೆ,
ಬಂಗು ಇದೆ. ಹೋದ ವಾರ ಬಂದು
ಪೇಪರಿನಲ್ಲಿ ಸುತ್ತಿದ ಎರಡಚ್ಚು ಬೆಲ್ಲ ಇಟ್ಟಳು,
ಹೆಂಚಿನ ತಳದಂತೆ ಕರ್ರಗೆ.
"ಮನೆ ಖರ್ಚಿಗೆ ತೆಗೆದದ್ದು. ಇದಕ್ಕೆ ಪುಡಿ ಹಾಕಲ್ಲ."

ಮೂರನೇ ಗೂಡು ಯಾಕೆ ಖಾಲಿ ಅಂತ ಸಾಹುಕಾರರು ಕೇಳಿದರು.
"ಡೇಟಾಗಿತ್ತು, ವಾಪಸು ಕಳಿಸಿದೆ."
ಇನ್ನೂ ಹದಿನಾಲ್ಕು ತಿಂಗಳಿತ್ತು.
ಗಲ್ಲದ ಕೆಳಗಿನ ಡ್ರಾಯರಿಗೆ ಈಗ ಇರುವೆ ಸಾಲು.
ಮಧ್ಯಾಹ್ನ ಗಿರಾಕಿಯಿಲ್ಲದ ಹೊತ್ತು
ಇರುವೆ ಊದಿ, ಒಂದು ಚೂರು ಬಾಯಿಗಿಡುತ್ತೇನೆ.
ಮೊದಲು ಒಲೆಯ ಹೊಗೆ.
ಸಿಹಿ ಆಮೇಲೆ.