ಆರೂವರೆಯ ಒಲೆ

ಹಾಸನದ ದೊಡ್ಡಾಸ್ಪತ್ರೆಯ ಹಿಂದಿನ ಗೇಟು ದಾಟಿ
ಎಡಕ್ಕೆ ತಿರುಗಿದರೆ ಮೊದಲು ಔಷಧದಂಗಡಿ,
ಆಮೇಲೆ ಜೆರಾಕ್ಸು, ಆಮೇಲೆ ಹಸಿರು ಬಾಗಿಲಿನ
ಒಂದು ಹೆಂಚಿನ ಮನೆ.
ಬೋರ್ಡಿಲ್ಲ. ಆಲೂಗೆಡ್ಡೆ ಮಂಡಿಯವರು,
ಇಬ್ಬರು ಟೈಲರುಗಳು, ರಿಟೈರಾದ ಒಬ್ಬ ಪೋಸ್ಟ್‌ಮಾಸ್ಟರು
ಸೇರಿ ಹಿಡಿದ ಬಾಡಿಗೆ ಮನೆಯಂತೆ.
ಒಳಗೆ ನಾಲ್ಕು ಒಲೆ, ಗೋಡೆಗೊಂದು ಕರಿಹಲಗೆ.
ಹಲಗೆಯ ಮೇಲೆ ಗಂಟೆ, ಗಂಟೆಯ ಮುಂದೆ ಮಗುವಿನ ಹೆಸರು.
ಅಪ್ಪನದಲ್ಲ, ಊರಿನದಲ್ಲ,
ಕಾಯಿಲೆಯದಂತೂ ಅಲ್ಲ.

ಮೊದಲ ದಿನ ಹೊಸ್ತಿಲಲ್ಲೇ ನಿಂತೆ.
ದುಡಿದು ತಿಂದ ಕೈ ಇದು.
ಅರಕಲಗೂಡಿನಿಂದ ಕೊಣನೂರಿನ ತನಕ
ಗಾಡಿಯಲ್ಲಿ ಪ್ಲಾಸ್ಟಿಕ್ ಬಿಂದಿಗೆ ಮಾರುತ್ತ,
ಯಾರದೋ ಮಗುವಿನ ಫೋಟೋ ಅಂಟಿಸಿದ ಡಬ್ಬಿ ಎದುರು ಬಂದರೆ
ಹತ್ತು ರೂಪಾಯಿ ಹಾಕಿ, ಫೋಟೋ ನೋಡದೆ
ಹಾರನ್ ಒತ್ತಿ ಹೋದವನು.
ಈಗ ಡಬ್ಬಿಯ ಒಳಗಿನಿಂದ
ರಸ್ತೆ ನೋಡುತ್ತಿದ್ದೆ.

ಲೂರ್ದು ಮೇರಿ ಕೇಳಿದ್ದು ಎರಡೇ:
"ಮಗು ಹೆಸರೇನು? ಏನು ತಿನ್ನುತ್ತೆ?"

ಚಿರಂತ ಹನ್ನೊಂದು ದಿನದಿಂದ ಏನೂ ತಿಂದಿರಲಿಲ್ಲ.
ಇಡ್ಲಿ ಬಂತು, ಹೋಯಿತು. ಬ್ರೆಡ್ಡು ಬಂತು, ಹೋಯಿತು.
ಬಾಯಿ ತುಂಬ ಹುಣ್ಣು, ನಾಲಿಗೆಗೆ ಕಬ್ಬಿಣದ ರುಚಿ,
ಹಲಸಿನ ಬೀಜದ ಹಾಗೆ ನುಣ್ಣಗೆ ತಲೆ.
"ಅವ್ವನ ಉಪ್ಸಾರು" ಅಂದಿದ್ದ,
ಗೋಡೆಗೆ ಮುಖ ಮಾಡಿ.
ಡಾಕ್ಟರು ಹೇಳಿದ್ದರು: ಹೊರಗಿನದು ಬೇಡ,
ಬಿಸಿ ಇರಬೇಕು, ಚೆನ್ನಾಗಿ ಬೆಂದಿರಬೇಕು.
ಬೆಂದಿದ್ದು ಅಷ್ಟು ದಿನ
ನಾವಿಬ್ಬರು ಮಾತ್ರ.

ಹಲಗೆಯಲ್ಲಿ ಅವನ ಹೆಸರು ಏಳು ಗಂಟೆಗೆ ಬಿತ್ತು.
ಕುಮುದ ಸೆರಗು ಸಿಕ್ಕಿಸಿ ಒಲೆಯ ಮುಂದೆ ನಿಂತಾಗ
ಅವಳ ಬೆನ್ನು ಕಂಡೆ. ತಿಂಗಳಾಗಿತ್ತು ಕಂಡು.
ಆಸ್ಪತ್ರೆಯಲ್ಲಿ ಅವಳು ಬರೀ ಮುಖ,
ಕೇಳುವ, ಕಾಯುವ, ಕಾಗದಕ್ಕೆ ಸಹಿ ಹಾಕುವ ಮುಖ.
ಇಲ್ಲಿ ಮೊಣಕೈಯಲ್ಲಿ ನನ್ನನ್ನು ತಿವಿದು
"ಅತ್ಲಾಗೆ ಸರೀರಿ, ಬೆಳಕಿಗೆ ಅಡ್ಡ" ಅಂದಳು.
ಎಷ್ಟು ಹಾಯೆನಿಸಿತು, ಬೈಸಿಕೊಂಡು.

ಪಕ್ಕದಲ್ಲಿ ಅಸ್ಸಾಮಿನ ಹುಡುಗಿ, ಬೇಲೂರ ಕಡೆ ತೋಟದ ಆಳು,
ಸಾಸಿವೆ ಎಣ್ಣೆ ಕಾಯಿಸುತ್ತಿದ್ದಳು. ಕನ್ನಡ ಬಾರದು.
ನಮ್ಮ ಕುಕ್ಕರು ಮೂರನೇ ಸಲ ಕೂಗಿದಾಗ
ಕಣ್ಣಲ್ಲೇ ಹೇಳಿದಳು, ಸಾಕು.

ಉಪ್ಸಾರಿಗೆ ಹೊರಟವರು ಉಪ್ಪೇ ಮರೆತಿದ್ದೆವು.
ಆರೂವರೆಯ ಒಲೆ ಒರೆಸುತ್ತಿದ್ದ ಉಮೈರಾಳ ಅಜ್ಜಿ
ತನ್ನ ಡಬ್ಬಿಯನ್ನು ಕಟ್ಟೆಯ ಮೇಲೆ ಜಾರಿಸಿದಳು.
ಚಿರಂತ ಎರಡು ಚಮಚ ನುಂಗಿದ, ಮುಖ ಕಿವುಚಿದ:
"ಉಪ್ಪು ಜಾಸ್ತಿ."
ಕುಮುದ ಕಾರಿಡಾರಿಗೆ ಬಂದು ಕೂತು
ನಕ್ಕಳೋ ಅತ್ತಳೋ,
ನಾನು ಹತ್ತಿರ ಹೋಗಲಿಲ್ಲ.

ಮುಂದಿನ ಮಂಗಳವಾರ ಆರೂವರೆಗೆ
ಒಲೆಯ ಮುಂದೆ ಯಾರೂ ಇರಲಿಲ್ಲ.
ಹಲಗೆಯ ಮೇಲೆ ಹೆಸರಿತ್ತು.
ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.
ಲೂರ್ದು ಮೇರಿ ತಾನೇ ಬಂದು ಆ ಒಲೆ ಹಚ್ಚಿ
ಹಾಲಿಟ್ಟು ಟೀ ಸೋಸಿ
ಎಲ್ಲರ ಕೈಗೂ ಒಂದೊಂದು ಲೋಟ ಕೊಟ್ಟಳು.
ಸಕ್ಕರೆ ಕಣ್ಣು ಮುಚ್ಚಿ ಹಾಕಿದ್ದಳು.
ಅರ್ಧ ಗಂಟೆ ನಿಂತೇ ಕುಡಿದೆವು.
ಏಳಕ್ಕೆ ಒಲೆ ಆರಿಸಿದಳು, ಕಟ್ಟೆ ಒರೆಸಿದಳು,
ಹಲಗೆ ಮುಟ್ಟಲಿಲ್ಲ.

ನಾಲ್ಕನೇ ದಿನ ಆಲೂರಿನ ಒಂದು ಮಗು ಬಂತು.
ಜಾಗ ಬೇಕಲ್ಲ.
ಆ ಹೆಸರಿನ ಪಕ್ಕದಲ್ಲೇ ಇನ್ನೊಂದು ಬರೆದಳು,
ಸಣ್ಣಕ್ಷರದಲ್ಲಿ, ಒತ್ತರಿಸಿ,
ಬಸ್ಸಿನ ಸೀಟಿನಲ್ಲಿ ಸರಿದು ಕೂತ ಹಾಗೆ.

"ನಮ್ಮದೆಷ್ಟಾಯಿತು?" ಅಂತ ನಿನ್ನೆ ಕೇಳಿಯೇಬಿಟ್ಟೆ,
ಜೇಬಿಗೆ ಕೈ ಹಾಕಿಕೊಂಡೇ.
"ಕುಕ್ಕರ್ ತೊಳೆದು ಬೋರಲು ಹಾಕಪ್ಪ.
ನೀರು ಇಳೀಲಿ. ಏಳೂವರೆಯವರು ಕಾಯ್ತಾವ್ರೆ."

ರಕ್ತದ ರಿಪೋರ್ಟು ನಾಳೆ ಹನ್ನೊಂದಕ್ಕೆ ಬರುತ್ತದಂತೆ.
ಕುಮುದ ಡಬ್ಬಿ ಹಿಡಿದು ಆಗಲೇ ಗೇಟು ದಾಟಿದಳು,
ಬಿಸಿ ಆರುವುದರೊಳಗೆ.
ಕಾಳು ತಳ ಹಿಡಿದಿದೆ.
ನಾರು ತೆಗೆದುಕೊಂಡು ಉಜ್ಜುತ್ತಿದ್ದೇನೆ.