ಕೊಟ್ಟ ಮಾದರಿ

ಹನ್ನೆರಡು ಕಂಪ್ಯೂಟರಿನಲ್ಲಿ ಏಳಕ್ಕೆ ಮಾತ್ರ ಜೀವ.
ನಮ್ಮದರ ಕೀಬೋರ್ಡಿಗೆ ಐದರ ಗುಂಡಿಯಿಲ್ಲ.
ಆ ಗುಳಿಯೊಳಕ್ಕೆ ರೀಫಿಲ್ಲಿನ ತುದಿ ಒತ್ತಬೇಕು,
ಕೈ ಜಾರಿದರೆ ಪಕ್ಕದ ನಾಲ್ಕು ಬೀಳುತ್ತೆ.

"ಮುಂಚೆ ಗ್ರಾಫ್ ಶೀಟು. ಯಾರ ಗೆರೆ ಯಾರದ್ದು ಅಂತ
ಮುಖ ನೋಡ್ದೇ ಹೇಳ್ತಿದ್ದೆ ಕಣಮ್ಮ"
ಅಂತಾನೆ ಅಟೆಂಡರ್ ಚೌಡಪ್ಪ,
ತೊಳೆದ ಪಿಪೆಟ್ಟುಗಳನ್ನು ಎಳೆಗೂಸಿನ ಹಾಗೆ ಮಲಗಿಸುತ್ತ.
ಈಗ ಎಲ್ಲರ ಗೆರೆಯೂ ನೀಲಿ.
ಎಲ್ಲರದ್ದೂ ನೆಟ್ಟಗೆ.

ಮೂರು ಗಂಟೆಗೆ ತುಮಕೂರಿನ ಬಿಸಿಲು
ಕಿಟಕಿ ದಾಟಿ ಬಂದು ಪರದೆಯ ಮೇಲೇ ಕೂರುತ್ತೆ.
ರೆಕಾರ್ಡ್ ಪುಸ್ತಕ ಅಡ್ಡ ಹಿಡಿದು
ಕದಿರಮ್ಮ ಓದುತ್ತಾಳೆ, ನಾನು ಕುಟ್ಟುತ್ತೇನೆ:
ಸೊನ್ನೆ ಪಾಯಿಂಟ್ ಎರಡು, ನಾಲ್ಕು, ಆರು.
ಫ್ಲೋರೈಡ್ ಏರಿದಷ್ಟೂ ಬಣ್ಣದ ಕೆಂಪು ಬಿಳಿಚುತ್ತ
ಗೆರೆ ಇಳಿಯುತ್ತೆ ಬೆಟ್ಟದ ತಿರುವಿನಲ್ಲಿ
ಎಂಜಿನ್ ಆಫ್ ಮಾಡಿದ ಬೈಕಿನಂತೆ, ಸದ್ದಿಲ್ಲದೆ.

ಅವಳು ಮಾತಾಡುವುದು ಬಾಯಿಗೆ ಅಂಗೈ ಮರೆಮಾಡಿ.
ಮೊದಲ ಸೆಮಿಸ್ಟರಿನಿಂದಲೂ ಹಾಗೇ.
ನಾಚಿಕೆ ಅಂದುಕೊಂಡಿದ್ದೆ ನಾನು.

ನಿಮ್ಮ ನಿಮ್ಮೂರ ನೀರು ತನ್ನಿ ಅಂದಿದ್ದರು ಫರ್ಜಾನಾ ಮೇಡಂ.
ನನ್ನದು ಕ್ಯಾತ್ಸಂದ್ರದ ನಲ್ಲಿ ನೀರು,
ಸಾಧು ಹಸುವಿನಂತೆ ಬಂದು ಗೆರೆಯ ಮೇಲೆ ನಿಂತಿತು.
ಅವಳದ್ದು ಪಾವಗಡದಾಚೆಯ ಬೋರು.
ಅವರಮ್ಮ ಖಾಲಿ ಜ್ಯೂಸ್ ಬಾಟ್ಲಿಗೆ ತುಂಬಿ,
ಮುಚ್ಚಳಕ್ಕೆ ಹಳೇ ಸೀರೆಯ ಚೂರು ಬಿಗಿದು,
ಮೊದಲ ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸಿದ್ದು.
ಬಣ್ಣ ಹಾಕಿದೊಡನೆ ಕೆಂಪು ಎಲ್ಲೋ ಹೋಯಿತು.

ಚುಕ್ಕೆ ಗೆರೆಯ ಕೊನೆಯಿಂದಾಚೆ ಬಿತ್ತು.
ಕಂಪ್ಯೂಟರಿಗೇನು, ಚಾಚು ಅಂದರೆ ಚಾಚುತ್ತೆ,
ಕೇಳಿದವರಿಗೆಲ್ಲ ಹೂಂ ಅನ್ನುವ ಮದುವೆ ದಲ್ಲಾಳಿಯ ಥರ.
ಚುಕ್ಕಿ ಚುಕ್ಕಿಯಾಗಿ ಗೆರೆಯನ್ನು ಮುಂದಕ್ಕೆಳೆದು
ಎರಡು ಪಾಯಿಂಟ್ ಮೂರು ಅಂದಿತು.
ದಶಾಂಶದಾಚೆಗೆ ಇನ್ನೂ ಆರು ಅಂಕಿ,
ನಂಬಲಿ ಅಂತ.

"ಅಳೆದಿಲ್ಲದ ಕಡೆ ಗೆರೆ ಎಳೀಬೇಡಿ," ಅಂದರು ಮೇಡಂ,
ಅಟೆಂಡೆನ್ಸಿನಿಂದ ತಲೆಯೆತ್ತದೆ.
"ಒಂದು ಪಾಲಿಗೆ ನಾಲ್ಕು ಪಾಲು ನೀರು. ಮತ್ತೆ ನೋಡಿ."

"ನಮ್ಮೂರ ನೀರಿಗೂ ನೀರು ಬೆರೆಸ್ಬೇಕಾ!"
ನಕ್ಕುಬಿಟ್ಟಳು ಕದಿರಮ್ಮ.
ಒಂದು ಕೈಯಲ್ಲಿ ಪಿಪೆಟ್ಟು, ಇನ್ನೊಂದರಲ್ಲಿ ಫ್ಲಾಸ್ಕು,
ಮರೆಗೆ ಮೂರನೇ ಕೈಯಿರಲಿಲ್ಲ.
ಆಗ ಕಂಡೆ. ಹಲ್ಲಿನ ಮೇಲೆ ಅಡ್ಡಡ್ಡ ಕಂದು ಪಟ್ಟಿ,
ಬಾವಿಯ ಕಲ್ಲಿನ ಮೇಲೆ
ಇಳಿದ ನೀರು ಬಿಟ್ಟುಹೋದ ಗುರುತಿನ ಹಾಗೆ.
ನಾನು ಪರದೆ ನೋಡಿದೆ. ಪರದೆಯಲ್ಲಿ ಬರೀ ಬಿಸಿಲು.

ಸೊನ್ನೆ ಪಾಯಿಂಟ್ ಏಳು ನಾಲ್ಕು ಬಂತು.
ಈಗ ಗೆರೆಯ ಮೇಲೇ, ನನ್ನ ಚುಕ್ಕೆಯ ಸಮೀಪ.
ಇನ್ನು ಐದರಿಂದ ಗುಣಿಸಬೇಕು.
ರೀಫಿಲ್ ಒತ್ತಿದೆ, ನಾಲ್ಕು ಬಿತ್ತು.
ಉತ್ತರ ಮೂರಕ್ಕೆ ಚೂರು ಕಡಿಮೆ.
ಅಷ್ಟೇ ಇರಲಿ ಅನ್ನಿಸಿತು ನನಗೆ,
ಯಾರು ನೋಡುತ್ತಾರೆ.
"ಅದು ನಾಲ್ಕು," ಅಂದಳು, ಬಾಯಿಗೆ ಕೈಯಿಡದೆ.
"ಐದು ಒತ್ತು."

ಮೂರು ಪಾಯಿಂಟ್ ಏಳು.
ದಾಟಬಾರದ್ದು ಒಂದೂವರೆ, ಅಂತ ಗೋಡೆಯ ಚಾರ್ಟು.
ಅವಳು ಅದನ್ನು ನೋಡಲಿಲ್ಲ, ಬಾಯಿಪಾಠ ಇತ್ತೇನೋ.

ರೆಕಾರ್ಡಿನ ಕೊನೆಯ ಸಾಲು ಎಲ್ಲರಿಗೂ ಒಂದೇ,
ಸೀನಿಯರುಗಳಿಂದ ಇಳಿದು ಬಂದದ್ದು:
'ಕೊಟ್ಟ ಮಾದರಿಯಲ್ಲಿರುವ ಫ್ಲೋರೈಡಿನ ಪ್ರಮಾಣ'.
ಅಲ್ಲಿಗೆ ಬಂದು ಅವಳ ಪೆನ್ನು ನಿಂತಿತು.
ಕೊಟ್ಟ ಅನ್ನುವುದನ್ನು ಹೊಡೆದುಹಾಕಿ
ಮೇಲೆ ಸಣ್ಣಕ್ಷರದಲ್ಲಿ ಬರೆದಳು:
'ಅಮ್ಮ ಕೊಟ್ಟ'.

ಮೇಡಂ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದರು,
ತಪ್ಪು ಅಂತಲೂ ಬರೆಯಲಿಲ್ಲ, ಸರಿ ಅಂತಲೂ.
ಹತ್ತಕ್ಕೆ ಒಂಬತ್ತು.
ಬಾಟ್ಲಿಯಲ್ಲಿ ಇನ್ನೂ ಅರ್ಧ ನೀರಿತ್ತು.
ಸಿಂಕಿಗೆ ಸುರಿಯಲು ಹೋದ ಚೌಡಪ್ಪನ ಕೈಯಿಂದ
ಇಸಿದುಕೊಂಡು, ಮುಚ್ಚಳಕ್ಕೆ ಬಟ್ಟೆ ಸುತ್ತಿ,
ಬ್ಯಾಗಿಗೆ ಹಾಕಿಕೊಂಡು ಹೊರಟಳು ಬಸ್‌ಸ್ಟ್ಯಾಂಡಿಗೆ.